ಫೀಸು ಕಟ್ಟುವ ಶಾಲೆಯಲ್ಲೂ ನಿಮ್ಮ ಮಗುವಿಗೆ ಹಕ್ಕಿದೆ

"ನಿಮ್ಮ ಮಗ ಒಳ್ಳೆಯ ಹುಡುಗನೇ ಮೇಡಂ. ಆದ್ರೆ ನಮ್ಮ ಸ್ಕೂಲಿಗೆ ಸೂಟ್ ಆಗ್ತಾ ಇಲ್ಲ. ಬೇರೆ ಕಡೆ ನೋಡಿದ್ರೆ ಅವನಿಗೂ ಒಳ್ಳೇದು, ನಿಮಗೂ ಒಳ್ಳೇದು."

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಖಾಸಗಿ ಶಾಲೆಗಳಲ್ಲಿ ಪೇರೆಂಟ್ಸ್ ಮೀಟಿಂಗ್ ಮುಗಿಸಿ ಬರುವ ಕೆಲವು ಅಮ್ಮಂದಿರ ಕಿವಿಗೆ ಬೀಳುವ ಮಾತು ಇದು. ಯಾರೂ ಗದರುವುದಿಲ್ಲ. ನಗುನಗುತ್ತಲೇ ಹೇಳುತ್ತಾರೆ. ಮನೆಗೆ ಬಂದು ಗಂಡನ ಹತ್ತಿರ ಹೇಳಿದರೆ "ನೀನು ಸರಿಯಾಗಿ ಓದಿಸ್ತಾ ಇಲ್ಲ" ಎಂಬ ಮಾತು. ಅತ್ತೆಯ ಹತ್ತಿರ ಹೇಳಿದರೆ "ನಮ್ಮ ಕುಟುಂಬದಲ್ಲಿ ಯಾರೂ ಹೀಗೆ ಇರ್ಲಿಲ್ಲ" ಎಂಬ ಮಾತು. ಕೊನೆಗೆ ತಪ್ಪೆಲ್ಲ ಅಮ್ಮನ ತಲೆಗೇ ಬರುತ್ತದೆ. ಎಷ್ಟೋ ಮಂದಿ ಸುಮ್ಮನೆ ಟಿ.ಸಿ. ತೆಗೆದುಕೊಂಡು ಬಂದುಬಿಡುತ್ತಾರೆ.

ಟಿ.ಸಿ.ಗೆ ಸಹಿ ಹಾಕುವ ಮೊದಲು ಕೆಲವು ವಿಷಯ ತಿಳಿದುಕೊಳ್ಳಿ. ನಿಮ್ಮ ಮಗುವಿಗೆ ಕಲಿಕೆಯಲ್ಲಿ, ಮಾತಿನಲ್ಲಿ, ಕಿವಿ, ಕಣ್ಣು, ಕೈಕಾಲಿನಲ್ಲಿ ತೊಂದರೆ ಇದ್ದರೆ, ಆಟಿಸಂ ಅಥವಾ ಬುದ್ಧಿ ಬೆಳವಣಿಗೆಯ ನಿಧಾನ ಇದ್ದರೆ, ಖಾಸಗಿ ಶಾಲೆಗೂ ಒಂದಿಷ್ಟು ಜವಾಬ್ದಾರಿಗಳನ್ನು ಕಾನೂನು ಹೊರಿಸಿದೆ. ಆದರೆ ಅದು ತಾನಾಗಿ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು, ಸರಿಯಾದ ಹೊತ್ತಿಗೆ ಕೇಳಬೇಕು.

ಖಾಸಗಿ ಶಾಲೆಯ ಮಗುವಿಗೆ ಏನು ಕಡಿಮೆ?

ಇದು ಕೇಳಲು ವಿಚಿತ್ರ ಅನಿಸಬಹುದು. ಸಾವಿರಗಟ್ಟಲೆ ಫೀಸು ಕೊಡುವ ಮಗುವಿಗಿಂತ ಸರಕಾರಿ ಶಾಲೆಯ ಮಗುವಿಗೆ ಈ ವಿಷಯದಲ್ಲಿ ಸೌಲಭ್ಯ ಹೆಚ್ಚು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರರ ತಂಡ ಅಂಗನವಾಡಿಗೆ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಖಾಸಗಿ ಶಾಲೆಯ ಬಾಗಿಲಿಗೆ ಆ ಜೀಪು ಬರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರ ಕೆಲಸವೂ ಮುಖ್ಯವಾಗಿ ಸರಕಾರಿ, ಅನುದಾನಿತ ಶಾಲೆಗಳ ಮಕ್ಕಳ ನಡುವೆಯೇ. ಶಾಲೆಗೆ ಹೋಗಲಾರದಷ್ಟು ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಇದೇ ಯೋಜನೆಯದು.

ಖಾಸಗಿ ಶಾಲೆಯ ಮಗುವಿನ ವಿಷಯದಲ್ಲಿ ತೊಂದರೆಯನ್ನು ಗುರುತಿಸುವುದು, ತಪಾಸಣೆಗೆ ಕರೆದೊಯ್ಯುವುದು, ಶಾಲೆಯ ಜೊತೆ ಮಾತಾಡುವುದು ಎಲ್ಲವೂ ಮನೆಯವರ ಹೆಗಲಿಗೆ. ಮನೆಯವರು ಅಂದರೆ ಸಾಮಾನ್ಯವಾಗಿ ಅಮ್ಮ!

ಇದರ ಮೇಲೆ ನಮ್ಮ ಊರಿನ ರಿಸಲ್ಟ್ ಹುಚ್ಚು ಬೇರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲ ಸ್ಥಾನ ಗಳಿಸಿತು. ಎಲ್ಲರಿಗೂ ಹೆಮ್ಮೆಯ ವಿಷಯವೇ. ಆದರೆ ಗೇಟಿನ ಮೇಲೆ "ನೂರಕ್ಕೆ ನೂರು" ಎಂಬ ಬ್ಯಾನರ್ ಕಟ್ಟುವ ಆಸೆ ಇರುವ ಶಾಲೆಗೆ ನಿಧಾನವಾಗಿ ಕಲಿಯುವ ಮಗು ಭಾರ ಅನಿಸುತ್ತದೆ. "ಸೂಟ್ ಆಗ್ತಾ ಇಲ್ಲ" ಎಂಬ ಮಾತು ಎಂಟನೇ, ಒಂಬತ್ತನೇ ಕ್ಲಾಸಿನ ಹೊತ್ತಿಗೆ ಜೋರಾಗುವುದರ ಹಿಂದೆ ಈ ಲೆಕ್ಕಾಚಾರವೂ ಇರಬಹುದು.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳು ಮಾತ್ರ ಇದ್ದವು. ಈಗ 21 ಇವೆ. ಆಟಿಸಂ ಕೂಡ ಸೇರಿದೆ, ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕು ಇರುವ ಕಲಿಕಾ ನ್ಯೂನತೆಯೂ ಸೇರಿದೆ. 2007ರಲ್ಲಿ ಬಂದ 'ತಾರೇ ಜಮೀನ್ ಪರ್' ಸಿನಿಮಾದ ಹುಡುಗ ನೆನಪಿದ್ದಾನಲ್ವಾ? ಅವನಿಗಿದ್ದ ಡಿಸ್ಲೆಕ್ಸಿಯಾ ಇದೇ ಗುಂಪಿನದು.

ಈ ಕಾಯ್ದೆಯ 16ನೇ ಸೆಕ್ಷನ್ ಗಮನಿಸಿ. ಸರಕಾರದ ಅನುದಾನ ಪಡೆಯುವ ಶಾಲೆಗಳ ಜೊತೆಗೆ ಸರಕಾರದ "ಮಾನ್ಯತೆ" ಪಡೆದ ಶಾಲೆಗಳಿಗೂ ಅದು ಅನ್ವಯಿಸುತ್ತದೆ. ನಿಮ್ಮ ಮಗು ಹೋಗುವ ಖಾಸಗಿ ಶಾಲೆ ಅನುದಾನ ಪಡೆಯದಿದ್ದರೂ ಮಾನ್ಯತೆ ಪಡೆದೇ ಇರುತ್ತದೆ. ಅಂಥ ಶಾಲೆ,

* ವೈಕಲ್ಯ ಇದೆ ಎಂದು ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು, ಆಟ ಮತ್ತಿತರ ಚಟುವಟಿಕೆಗಳಲ್ಲೂ ಅವಕಾಶ ಕೊಡಬೇಕು.
* ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು.
* ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಕಲಿಸುವ ವಿಧಾನವನ್ನು ಅದಕ್ಕೆ ಹೊಂದಿಸಬೇಕು.
* ಮಗು ಎಷ್ಟು ಮುಂದುವರಿಯಿತು ಎಂದು ಗಮನಿಸುತ್ತಿರಬೇಕು.

ಮುಂದಿನ 17ನೇ ಸೆಕ್ಷನ್ ಪರೀಕ್ಷೆಯ ವಿಷಯ ಹೇಳುತ್ತದೆ. ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಅಲ್ಲಿ ಬರುತ್ತವೆ.

ಜೊತೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ, ಸೇರಿಸುವಾಗ ಪರೀಕ್ಷೆ ಮಾಡಿ ಆರಿಸುವಂತಿಲ್ಲ. 2022ರಲ್ಲಿ ಇದರ ನಿಯಮಕ್ಕೆ ಇನ್ನೊಂದು ಮಾತು ಸೇರಿತು. ವಿಶೇಷ ಅಗತ್ಯದ ಮಕ್ಕಳು ಕಿರಿಯ ಪ್ರಾಥಮಿಕದಲ್ಲಿ 10 ಮಂದಿ ಇದ್ದರೆ ಒಬ್ಬ ವಿಶೇಷ ಶಿಕ್ಷಕರು ಬೇಕು, ಹಿರಿಯ ಪ್ರಾಥಮಿಕದಲ್ಲಿ 15 ಮಂದಿಗೆ ಒಬ್ಬರು ಬೇಕು.

ಇಲ್ಲಿ ಎರಡು ವಿಷಯ ತಿಳಿದಿರಲಿ. ಖಾಸಗಿ ಶಾಲೆಯ ಶೇ. 25 ಆರ್‌ಟಿಇ ಸೀಟಿನಲ್ಲಿ ವಿಕಲಚೇತನ ಮಕ್ಕಳಿಗೂ ಪಾಲಿದೆ. ಆದರೆ ಕರ್ನಾಟಕದಲ್ಲಿ 2019-20ರಿಂದ ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಆ ಸೀಟು ಸಿಗುವುದಿಲ್ಲ. ಹಾಗಾಗಿ ಅದನ್ನು ನೆಚ್ಚಿ ಕೂರಬೇಡಿ. ಎರಡನೆಯದು, ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಮ್ಮ ಕರಾವಳಿಯಲ್ಲಿ ಇಂಥ ಶಾಲೆಗಳು ಬಹಳ. ಅಲ್ಲಿ ಓದುವ ಮಗುವಿನ ವಿಷಯದಲ್ಲಿ ನೀವು ಹೆಸರಿಸಬೇಕಾದದ್ದು 2016ರ ಕಾಯ್ದೆಯ 16ನೇ ಸೆಕ್ಷನ್ನನ್ನು. ಅದರಲ್ಲಿ ಅಲ್ಪಸಂಖ್ಯಾತ ಶಾಲೆ ಎಂದು ಬೇರೆ ಮಾಡಿಲ್ಲ.

ಮೊದಲು ತಪಾಸಣೆ

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ಬಾಯಲ್ಲಿ ಕೇಳಿದರೆ ಪಾಠವೆಲ್ಲ ಪಟಪಟ ಹೇಳುತ್ತಾನೆ. ಬರೆಯಲು ಕೂರಿಸಿದರೆ ಅಕ್ಷರ ತಿರುಗಾಮುರುಗಾ. ಬೋರ್ಡಿನಿಂದ ಇಳಿಸಿಕೊಳ್ಳುವಷ್ಟರಲ್ಲಿ ಟೀಚರ್ ಅಳಿಸಿ ಆಗಿರುತ್ತದೆ. ಸೋಮವಾರ ಬೆಳಗ್ಗೆ ಹೊಟ್ಟೆನೋವು. "ಸೋಮಾರಿ" ಎಂದು ಎಲ್ಲರೂ ಷರಾ ಬರೆದಾಗಿದೆ.

ಇಂಥ ಮಗುವಿನ ಕಿವಿ, ಕಣ್ಣುಗಳನ್ನು ಮೊದಲು ಪರೀಕ್ಷೆ ಮಾಡಿಸಿ. ನಮ್ಮ ಮಳೆಗಾಲದ ಶೀತಕ್ಕೆ ಪದೇ ಪದೇ ಕಿವಿ ಸೋರಿ ಸರಿಯಾಗಿ ಕೇಳಿಸದ ಮಗುವೂ ಕ್ಲಾಸಿನಲ್ಲಿ ದಡ್ಡನಂತೆ ಕಾಣುತ್ತದೆ. ಅಲ್ಲಿ ತೊಂದರೆ ಇಲ್ಲ ಎಂದಾದರೆ ಮುಂದಿನ ಹೆಜ್ಜೆ ಕ್ಲಿನಿಕಲ್ ಸೈಕಾಲಜಿಸ್ಟ್.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಬೇರೆ ಜಿಲ್ಲೆಯವರು ರಾತ್ರಿ ಬಸ್ಸು ಹಿಡಿದು ಬರುವ ಮಣಿಪಾಲ ನಮಗೆ ಪಕ್ಕದಲ್ಲೇ ಇದೆ. ಕಸ್ತೂರ್ಬಾ ಆಸ್ಪತ್ರೆ, ಅದರ ಜೊತೆಗಿರುವ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನ ವಿಭಾಗಗಳಲ್ಲಿ ಕ್ಲಿನಿಕಲ್ ಸೈಕಾಲಜಿ, ವಾಕ್ ಮತ್ತು ಶ್ರವಣ, ಆಕ್ಯುಪೇಶನಲ್ ಥೆರಪಿ ಎಲ್ಲವೂ ಇವೆ. ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸು ಮಣಿಪಾಲದ ಮೇಲೆಯೇ ಹಾದು ಬರುತ್ತದೆ. ಕಾಪುವಿನವರು ಉಡುಪಿಯಲ್ಲಿ ಬಸ್ಸು ಬದಲಿಸಿದರಾಯಿತು. ಒಂದೇ ದಿನದಲ್ಲಿ ಮುಗಿಯುವ ಕೆಲಸ ಅಲ್ಲ, ಎರಡು ಮೂರು ಸಲ ಹೋಗಬೇಕಾದೀತು. ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮಗುವಿನ ನೋಟ್ಸ್ ಪುಸ್ತಕ, ಉತ್ತರಪತ್ರಿಕೆ, ಪ್ರೋಗ್ರೆಸ್ ಕಾರ್ಡ್ ಚೀಲದಲ್ಲಿರಲಿ.

ಇನ್ನೊಂದು ಮುಖ್ಯ ಸಂಗತಿ. ನಮ್ಮಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಉರ್ದು. ಶಾಲೆಯಲ್ಲಿ ಇಂಗ್ಲಿಷ್. ಜೊತೆಗೆ ಕನ್ನಡ, ಆಮೇಲೆ ಹಿಂದಿ. ಹತ್ತು ವರ್ಷದ ಮಗು ಮೂರು ಲಿಪಿಗಳಲ್ಲಿ ಒದ್ದಾಡುತ್ತಿರುತ್ತದೆ. ಭಾಷೆ ಹೊಸದಾದ್ದರಿಂದ ಆಗುವ ತಪ್ಪೇ ಬೇರೆ, ಕಲಿಕಾ ನ್ಯೂನತೆಯೇ ಬೇರೆ. ಮನೆಯಲ್ಲಿ ಯಾವ ಮಾತು, ಮಗು ಯಾವ ಭಾಷೆಯಲ್ಲಿ ಸಲೀಸು ಎಂಬುದನ್ನು ಪರೀಕ್ಷಿಸುವವರಿಗೆ ಮರೆಯದೆ ಹೇಳಿ.

ಕೆಲವರು ಮೊದಲು ಪ್ರಶ್ನೆ ಇಡಿಸುತ್ತಾರೆ, ದೈವಕ್ಕೆ ಹರಕೆ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಿ, ಬೇಡ ಅನ್ನುವವರಾರು? ಹರಕೆಯ ಜೊತೆಗೆ ಅಪಾಯಿಂಟ್‌ಮೆಂಟೂ ಇರಲಿ. ಮಗುವಿನ ಒಂದು ವರ್ಷ ಸುಮ್ಮನೆ ಹೋದರೆ ಅದನ್ನು ಹಿಂದೆ ತರಲು ಆಗುವುದಿಲ್ಲ.

ಸರ್ಟಿಫಿಕೇಟ್ ಮಾಡಿಸಬೇಕಾ?

ಹೆಚ್ಚಿನ ಅಮ್ಮಂದಿರು ಹಿಂದೇಟು ಹಾಕುವುದು ಇಲ್ಲೇ. "ಹೆಣ್ಣುಮಗು, ನಾಳೆ ಮದುವೆ ಆಗಬೇಕು. ವಿಕಲಚೇತನ ಅಂತ ಕಾಗದ ಮಾಡಿಸಿದ್ರೆ ಹೇಗೆ?" ಈ ಹೆದರಿಕೆ ಸುಳ್ಳಲ್ಲ. ಆದರೆ ಆ ಕಾರ್ಡು ನಿಮ್ಮ ಮನೆಯ ಕಪಾಟಿನಲ್ಲಿರುತ್ತದೆ. ಯಾರಿಗೆ ತೋರಿಸಬೇಕು ಎಂದು ನಿರ್ಧರಿಸುವವರು ನೀವೇ. ಅದಿಲ್ಲದೆ ಬೋರ್ಡ್ ಪರೀಕ್ಷೆಯಲ್ಲಿ ರಿಯಾಯಿತಿ ಕೇಳಲು ಹೋದರೆ ಮಾತ್ರ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ.

ಆಸ್ಪತ್ರೆಯ ವರದಿ ಬೇರೆ, ಸರಕಾರಿ ಪ್ರಮಾಣಪತ್ರ ಬೇರೆ ಎಂಬುದು ಗೊತ್ತಿರಲಿ. ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಆಮೇಲೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ ಶೇಕಡಾವಾರು ನಿರ್ಧರಿಸುತ್ತಾರೆ. ಆಧಾರ್, ಫೋಟೊ, ಹಿಂದಿನ ವರದಿಗಳನ್ನೆಲ್ಲ ಒಯ್ಯಿರಿ. ಶೇ. 40 ಅಥವಾ ಹೆಚ್ಚು ಎಂದಾದರೆ ಹೆಚ್ಚಿನ ಸರಕಾರಿ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಕಲಿಕಾ ನ್ಯೂನತೆಗೆ ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆಯೇ ಪ್ರಮಾಣಪತ್ರ. ಅದಕ್ಕಿಂತ ಚಿಕ್ಕ ಮಗುವಿಗೆ ಕೊಡಲಿಲ್ಲ ಎಂದು ಬೇಸರಿಸಬೇಡಿ. ತರಬೇತಿ ಮಾತ್ರ ಅಲ್ಲಿಯವರೆಗೆ ಕಾಯಬಾರದು.

ಕಂಪ್ಯೂಟರ್ ಕೆಲಸ ಗೊತ್ತಿಲ್ಲವೇ? ಗ್ರಾಮ ಪಂಚಾಯತ್‌ನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಗರಸಭೆ, ಪುರಸಭೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಹಾಕಿಸಿಕೊಡುವುದು ಅವರ ಕೆಲಸವೇ. ಖಾಸಗಿ ಶಾಲೆಯ ಮಗು ಎಂದು ಸಂಕೋಚ ಬೇಡ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆ ಮಾಡಿಸಿ. ಒಂದು ಲಕ್ಷ ರೂಪಾಯಿವರೆಗಿನ ವಿಮೆ ಇದು. ಥೆರಪಿಯ ಖರ್ಚಿಗೂ ಇದರಲ್ಲಿ ಒಂದು ಪಾಲಿದೆ.

ಶಾಲೆಯನ್ನು ಹೇಗೆ ಕೇಳುವುದು?

ಜಗಳಕ್ಕೆ ಹೋಗಬೇಡಿ, ಅಳುತ್ತಲೂ ಹೋಗಬೇಡಿ. ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಹೋಗಿ. ಹೀಗೆ ಬರೆಯಬಹುದು:

"ನನ್ನ ಮಗ ನಿಮ್ಮ ಶಾಲೆಯ 4ನೇ ತರಗತಿಯಲ್ಲಿ ಓದುತ್ತಿದ್ದಾನೆ. ಲಗತ್ತಿಸಿರುವ ವರದಿಯಂತೆ ಅವನಿಗೆ ಕಲಿಕಾ ನ್ಯೂನತೆ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್‌ನಂತೆ ಈ ಕೆಳಗಿನ ಅನುಕೂಲಗಳನ್ನು ಮಾಡಿಕೊಡಬೇಕಾಗಿ ವಿನಂತಿ."

ಕೇಳುವುದು ಸಣ್ಣ ಸಣ್ಣ ವಿಷಯಗಳಿರಲಿ, ಖರ್ಚಿಲ್ಲದವು ಮೊದಲು ಬರಲಿ.

* ಮುಂದಿನ ಬೆಂಚಿನಲ್ಲಿ ಜಾಗ.
* ಬೋರ್ಡಿನಿಂದ ಇಳಿಸಿಕೊಳ್ಳುವ ಬದಲು ನೋಟ್ಸಿನ ಜೆರಾಕ್ಸ್.
* ಎಲ್ಲರೆದುರು ಗಟ್ಟಿಯಾಗಿ ಓದಲು ನಿಲ್ಲಿಸದಿರುವುದು.
* ವಿಜ್ಞಾನ, ಸಮಾಜದ ಉತ್ತರದಲ್ಲಿ ಸ್ಪೆಲ್ಲಿಂಗ್ ತಪ್ಪಿಗೆ ಮಾರ್ಕ್ಸ್ ಕಡಿಯದಿರುವುದು.
* ಕ್ಲಾಸ್ ಟೆಸ್ಟಿನಲ್ಲಿ ಹೆಚ್ಚು ಹೊತ್ತು, ಕೆಲವು ಉತ್ತರ ಬಾಯಲ್ಲಿ.
* ಮೂರು ತಿಂಗಳಿಗೊಮ್ಮೆ ಟೀಚರ್ ಜೊತೆ ಕೂತು ಮುಂದಿನ ಗುರಿ ಬರೆದಿಡುವುದು.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಆಫೀಸಿನ ಸೀಲು, ತಾರೀಕು ಹಾಕಿಸಿಕೊಳ್ಳಿ. ಆ ಸೀಲು ಇರುವ ಪ್ರತಿಯೇ ಮುಂದೆ ನಿಮ್ಮ ಆಧಾರ.

ಸಿಬಿಎಸ್‌ಇ ಶಾಲೆಯಾದರೆ ವಿಶೇಷ ಶಿಕ್ಷಕರನ್ನು ನೇಮಿಸುವುದು ಮಾನ್ಯತೆಯ ನಿಯಮಗಳಲ್ಲೇ ಇದೆ. "ನಿಮ್ಮಲ್ಲಿ ಸ್ಪೆಷಲ್ ಎಜುಕೇಟರ್ ಯಾರು, ನನ್ನ ಮಗುವನ್ನು ವಾರಕ್ಕೆ ಎಷ್ಟು ಪೀರಿಯಡ್ ನೋಡುತ್ತಾರೆ?" ಎಂದು ನೇರವಾಗಿ ಕೇಳಿ. ಕೆಲವು ಕಡೆ ಮಗುವಿನ ಜೊತೆ ಕೂರುವ ಶ್ಯಾಡೋ ಟೀಚರ್ ಇಟ್ಟುಕೊಳ್ಳಿ, ಸಂಬಳ ನೀವೇ ಕೊಡಿ ಎನ್ನುತ್ತಾರೆ. ತಕ್ಷಣ ಒಪ್ಪಬೇಡಿ. ನಿಜಕ್ಕೂ ಇಡೀ ದಿನ ಬೇಕೇ ಎಂದು ಸೈಕಾಲಜಿಸ್ಟರನ್ನು ಕೇಳಿ. ಎಷ್ಟೋ ಮಕ್ಕಳಿಗೆ ವಾರಕ್ಕೆ ಎರಡು ಮೂರು ತಾಸಿನ ಬೇರೆ ಪಾಠ ಸಾಕಾಗುತ್ತದೆ.

ಹೊರಗೆ ಥೆರಪಿಗೆ ಕಳಿಸುವವರಿಗೆ ಒಂದು ಎಚ್ಚರಿಕೆ. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್ ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರಬೇಕು. ನಂಬರ್ ಕೇಳಿ. ಕೇಳಿದರೆ ಬೇಸರಿಸುವವರ ಹತ್ತಿರ ಹೋಗಬೇಡಿ. "ಆರು ತಿಂಗಳಲ್ಲಿ ಪೂರ್ತಿ ಗುಣ ಮಾಡ್ತೇವೆ" ಎಂದವರ ಹತ್ತಿರವಂತೂ ಹೋಗಲೇಬೇಡಿ.

ಹತ್ತನೇ ಕ್ಲಾಸಿಗೆ ಮೊದಲೇ

ಪರೀಕ್ಷೆಯ ರಿಯಾಯಿತಿಗೆ ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಬೋರ್ಡಿಗೆ ಹೆಸರು ನೋಂದಾಯಿಸುವಾಗಲೇ ವಿಶೇಷ ಅಗತ್ಯದ ಮಗು ಎಂದು ನಮೂದಾಗಬೇಕು. ಹಾಗಾಗಿ ಎಂಟನೇ ಕ್ಲಾಸಿನ ಬೇಸಿಗೆ ರಜೆಯೊಳಗೆ ಕಾಗದಪತ್ರ ಸರಿಮಾಡಿಟ್ಟುಕೊಳ್ಳಿ.

ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಅಗತ್ಯ ಇರುವವರಿಗೆ ಬರೆಯಲು ಸಹಾಯಕರು, ಎರಡರ ಬದಲು ಒಂದೇ ಭಾಷೆ ತೆಗೆದುಕೊಳ್ಳುವ ಅವಕಾಶವೂ ಇವೆ. ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲೂ ವಿಶೇಷ ಅಗತ್ಯದ ಮಕ್ಕಳಿಗೆ ರಿಯಾಯಿತಿಗಳಿವೆ. ನಿಮ್ಮ ಮಗುವಿಗೆ ಯಾವುದು ಅನ್ವಯ ಎಂದು ಹೆಡ್‌ಮಾಸ್ಟರ್ ಮೂಲಕ ಬಿಇಒ ಕಚೇರಿಯಲ್ಲಿ ಆ ವರ್ಷದ ಸುತ್ತೋಲೆ ಕೇಳಿ ತಿಳಿದುಕೊಳ್ಳಿ. ಹಿಂದಿ ಅಥವಾ ಕನ್ನಡ ಲಿಪಿಯೊಂದರ ಹೊರೆ ಇಳಿದರೆ ಎಷ್ಟೋ ಮಕ್ಕಳು ಉಳಿದ ವಿಷಯಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಅದೂ ಕಷ್ಟ ಎನಿಸಿದರೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ. 14 ವರ್ಷ ತುಂಬಿದವರು ಹತ್ತನೇ ಕ್ಲಾಸಿಗೆ ಸಮನಾದ ಪರೀಕ್ಷೆಗೆ ಸೇರಬಹುದು. ವಿಷಯಗಳನ್ನು ಆರಿಸಿಕೊಳ್ಳಬಹುದು, ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ, ಮುಗಿಸಲು ಐದು ವರ್ಷ ಸಮಯ ಇರುತ್ತದೆ. ಇದು ನೀವಾಗಿ ಆರಿಸಿಕೊಳ್ಳುವ ದಾರಿಯಾಗಿರಲಿ. ಶಾಲೆಯವರು ತಮ್ಮ ರಿಸಲ್ಟ್ ಉಳಿಸಲು ತಳ್ಳುವ ದಾರಿ ಆಗದಿರಲಿ.

ಒಪ್ಪದಿದ್ದರೆ?

ಶಾಲೆ ಉತ್ತರ ಕೊಡದಿದ್ದರೆ ಅಥವಾ ಟಿ.ಸಿ. ಒತ್ತಾಯ ಮುಂದುವರಿದರೆ "ಕಾರಣವನ್ನು ಬರೆದು ಕೊಡಿ" ಎನ್ನಿ. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಅದನ್ನು ಯಾರೂ ಬರೆದು ಕೊಡುವುದಿಲ್ಲ. ಆಮೇಲೆ ಸೀಲು ಇರುವ ಪ್ರತಿಯೊಂದಿಗೆ ಬಿಇಒ, ಅಲ್ಲಿಂದ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು. ಮಣಿಪಾಲದ ರಜತಾದ್ರಿಯಲ್ಲಿರುವ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ ಒಂದು ಪ್ರತಿ ಕೊಡಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರು ಮತ್ತು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದ್ದಾರೆ. ದೂರನ್ನು ಅಂಚೆಯಲ್ಲೂ ಕಳಿಸಬಹುದು. ಹೆಚ್ಚಿನ ಸಲ ಬಿಇಒ ಕಚೇರಿಯಿಂದ ಒಂದು ಫೋನ್ ಹೋದರೆ ಶಾಲೆಯವರ ಮಾತು ಮೆತ್ತಗಾಗುತ್ತದೆ.

ವಿಶೇಷ ಶಾಲೆ ಅಂದರೆ ಸೋಲಲ್ಲ

ಎಲ್ಲ ಮಗುವಿಗೂ ಸಾಮಾನ್ಯ ಶಾಲೆಯೇ ಸರಿ ಎಂದು ಹೇಳಲಾಗದು. ತನ್ನ ಬಟ್ಟೆ ತಾನು ಹಾಕಿಕೊಳ್ಳುವುದು, ಮಾತು, ಸಣ್ಣ ಕೈಕೆಲಸ ಇವುಗಳನ್ನೇ ಮೊದಲು ಕಲಿಯಬೇಕಾದ ಮಗುವಿಗೆ ನಲವತ್ತು ಮಕ್ಕಳ ಕ್ಲಾಸಿನ ಮೂಲೆಯಲ್ಲಿ ಕೂತು ಏನು ಸಿಕ್ಕೀತು? ಉಡುಪಿಯ ಆಶಾನಿಲಯ, ಶಿರ್ವ ಕಡೆಯ ಪಾಂಬೂರಿನ ಮಾನಸ, ಕಾರ್ಕಳ ಅಯ್ಯಪ್ಪನಗರದ ವಿಜೇತ ಇಂಥ ಮಕ್ಕಳಿಗಾಗಿಯೇ ಇರುವ ಶಾಲೆಗಳು. ಒಂದು ದಿನ ಹೋಗಿ ನೋಡಿ, ಅಲ್ಲಿನ ಟೀಚರುಗಳ ಜೊತೆ ಮಾತಾಡಿ. ಹತ್ತಿರ ಹತ್ತಿರದ ಊರಿನ ಅಮ್ಮಂದಿರ ಪರಿಚಯವೂ ಆಗುತ್ತದೆ. ಯಾವ ಡಾಕ್ಟರ್ ತಾಳ್ಮೆಯಿಂದ ಕೇಳುತ್ತಾರೆ, ಯಾವ ಕೌಂಟರಿನಲ್ಲಿ ಬೆಳಗ್ಗೆ ಬೇಗ ಹೋಗಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಬೇರಿಲ್ಲ.

ಒಂದು ಫೈಲ್ ಇರಲಿ

ಇವತ್ತೇ ಒಂದು ಫೈಲ್ ತಂದು ಇವುಗಳನ್ನು ಸೇರಿಸಿಡಿ:

* ಕಿವಿ, ಕಣ್ಣಿನ ಪರೀಕ್ಷೆಯ ಚೀಟಿ
* ಸೈಕಾಲಜಿಸ್ಟರ ವರದಿ, ಮೂಲ ಮತ್ತು ಮೂರು ಜೆರಾಕ್ಸ್
* ಯುಡಿಐಡಿ ಅರ್ಜಿಯ ನಂಬರ್, ಕಾರ್ಡ್
* ಶಾಲೆಗೆ ಕೊಟ್ಟ ಪತ್ರದ ಸೀಲು ಹಾಕಿದ ಪ್ರತಿ
* ವರ್ಷವರ್ಷದ ಪ್ರೋಗ್ರೆಸ್ ಕಾರ್ಡ್, ನಾಲ್ಕು ಉತ್ತರಪತ್ರಿಕೆ
* ಶಾಲೆಯಲ್ಲಿ ಯಾರು, ಯಾವಾಗ, ಏನು ಹೇಳಿದರು ಎಂದು ತಾರೀಕು ಹಾಕಿ ಬರೆದ ಪುಸ್ತಕ

ಶಾಲೆಯ ಮಾತು ಒಂದು ಕಡೆ, ಮನೆಯ ಮಾತು ಇನ್ನೊಂದು ಕಡೆ. ಮಗು ಎರಡನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಅಕ್ಕನ ಮಾರ್ಕ್ಸ್ ಜೊತೆ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದನ್ನು ಈ ವಾರದಿಂದಲೇ ನಿಲ್ಲಿಸಿ. ದಿನಕ್ಕೆ ಇಪ್ಪತ್ತು ನಿಮಿಷ ಜೊತೆಗೆ ಕೂತು ಓದಿಸಿ, ಉಳಿದ ಸಂಜೆ ಆಡಲು ಬಿಡಿ. ಅಪ್ಪನನ್ನು ಮುಂದಿನ ಪೇರೆಂಟ್ಸ್ ಮೀಟಿಂಗಿಗೆ ಕರೆದುಕೊಂಡು ಹೋಗಿ. ಫೈಲ್ ಅವರ ಕೈಯಲ್ಲೇ ಇರಲಿ!